ಗಡಿಯ ಎರಡೂ ಕಡೆಯ ಮಾಸ್ತರರು: ಸ್ವಾಮಿ ರಮಾನಂದ ತೀರ್ಥರು

ಪ್ರತಿವರ್ಷ ಸೆಪ್ಟೆಂಬರ್ 17ರ ಬೆಳಿಗ್ಗೆ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನದ ಧ್ವಜವಂದನೆ ನಡೆಯುತ್ತದೆ. ಅದೇ ಹೊತ್ತಿಗೆ ಕೆಲವೇ ಹರದಾರಿ ಆಚೆ, ಬಸವಕಲ್ಯಾಣ, ಭಾಲ್ಕಿ, ಆಳಂದಗಳಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರುತ್ತದೆ. ಹೆಸರುಗಳು ಎರಡಾದರೂ ನೆನೆಯುವ ಸಂಗತಿ ಒಂದೇ. 1948ರಲ್ಲಿ ಆ ದಿನ ಹೈದರಾಬಾದ್ ಸಂಸ್ಥಾನದ ಸೇನೆ ಭಾರತ ಸೇನೆಗೆ ಶರಣಾಗಲು ಒಪ್ಪಿತು. ಆ ದಿನದ ಹಿಂದಿರುವ ಹೋರಾಟದ ನಾಯಕರೂ ಎರಡೂ ಕಡೆಯವರಿಗೆ ಒಬ್ಬರೇ. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪಾಠ ಹೇಳಿದ್ದು ನಮ್ಮ ಉಮರ್ಗಾಕ್ಕೆ ಹೊಂದಿಕೊಂಡಿರುವ ಹಿಪ್ಪರಗಾದಲ್ಲಿ. ಸ್ವತಂತ್ರ ಭಾರತದ ಮೊದಲ ಲೋಕಸಭೆಗೆ ಆರಿಸಿಹೋದದ್ದು ಗುಲಬರ್ಗಾದಿಂದ, ಎರಡನೆಯದಕ್ಕೆ ಔರಂಗಾಬಾದಿನಿಂದ. ನಮ್ಮ ಕನ್ನಡ ಶಾಲೆ ನೂರು ತುಂಬಿದ ಈ ಸಂದರ್ಭದಲ್ಲಿ ಸ್ವಾಮಿ ರಮಾನಂದ ತೀರ್ಥರ ಜೀವನವನ್ನು ನೆನೆಯಬೇಕೆಂದು ನಮಗೆ ಅನ್ನಿಸಿದ್ದಕ್ಕೆ ಅವರು ದೊಡ್ಡವರೆಂಬುದಷ್ಟೇ ಕಾರಣವಲ್ಲ. ಅವರು ಮೊದಲು ಮಾಸ್ತರರು. ಅವರ ರಾಜಕಾರಣ ಹುಟ್ಟಿದ್ದು ಶಾಲೆಯ ಅಂಗಳದಲ್ಲಿ. ಅಷ್ಟೇ ಅಲ್ಲ, ಈ ಶಾಲೆ ಇಂದು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದಲ್ಲಿರುವುದಕ್ಕೂ ಅವರ ಹಟಕ್ಕೂ ನೇರ ಸಂಬಂಧವಿದೆ.

ವೆಂಕಟೇಶ ಖೇಡಗೀಕರ ಎಂಬುದು ಅವರ ಪೂರ್ವಾಶ್ರಮದ ಹೆಸರು. ಜನನ 1903ರ ಅಕ್ಟೋಬರ್ 3. ಮನೆಮಾತು ಮರಾಠಿ, ಸುತ್ತಲಿನ ಸೀಮೆ ಕನ್ನಡ. ನಮ್ಮ ಭಾಗದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಲ್ಲಾಪುರದಲ್ಲಿ ಹೈಸ್ಕೂಲು ಓದುತ್ತಿದ್ದಾಗಲೇ ದೇಶದ ಗಾಳಿ ತಾಗಿತು. 1920ರಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡಾಗ ಈ ಹುಡುಗ ಮದುವೆಯಾಗದೆ ದೇಶಸೇವೆಗೆ ಬದುಕನ್ನು ಮೀಸಲಿಡುವ ವ್ರತ ತೊಟ್ಟ. ಹದಿನಾರರ ವಯಸ್ಸಿನಲ್ಲಿ ಇಂಥ ವ್ರತ ತೊಡುವವರು ಆ ಕಾಲದಲ್ಲಿ ಅನೇಕರಿದ್ದರು. ಕೊನೆಯವರೆಗೆ ನಡೆಸಿದವರು ಕೆಲವರೇ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರಕಾರಿ ಶಿಕ್ಷಣವನ್ನು ಬಿಟ್ಟ ಅವರು ರಾಷ್ಟ್ರೀಯ ವಿದ್ಯಾಸಂಸ್ಥೆಗಳಲ್ಲಿ, ಮುಖ್ಯವಾಗಿ ಪುಣೆಯ ತಿಲಕ್ ವಿದ್ಯಾಪೀಠದಲ್ಲಿ, ಓದು ಮುಗಿಸಿದರು. ಬಳಿಕ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿ ದುಡಿದರು. ಗಿರಣಿ ಕಾರ್ಮಿಕರ ಸಂಘಟನೆ, ಅರ್ಜಿ, ಮುಷ್ಕರ, ಸಂಧಾನ ಇವೆಲ್ಲದರ ಒಳಹೊರಗು ಅವರಿಗೆ ತಿಳಿದದ್ದು ಅಲ್ಲಿಯೇ. ಮುಂದೆ ಕಾವಿ ಉಟ್ಟ ಮೇಲೂ ಅವರು ಗೇಣಿದಾರರ ಮತ್ತು ಕೂಲಿಕಾರರ ಪರವಾಗಿ ಮಾತನಾಡುತ್ತಿದ್ದುದರ ಬೇರು ಇಲ್ಲಿದೆ ಎಂದು ನಮ್ಮ ಎಣಿಕೆ.

ಆರೋಗ್ಯ ಕೈಕೊಟ್ಟಿತು. ನಗರದ ದುಡಿಮೆ ಬಿಡಬೇಕಾಯಿತು. 1929ರ ಸುಮಾರಿಗೆ ಅವರು ಬಂದು ಸೇರಿದ್ದು ಹಿಪ್ಪರಗಾದ ರಾಷ್ಟ್ರೀಯ ಶಾಲೆಯನ್ನು.

ಹಿಪ್ಪರಗಾ ಇಂದು ಲೋಹಾರಾ ತಾಲ್ಲೂಕಿನಲ್ಲಿದೆ. ಅಲ್ಲಿ 1921ರಲ್ಲಿ ಒಂದು ರಾಷ್ಟ್ರೀಯ ಶಾಲೆ ತೆರೆದದ್ದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ತಿಳಿಯಬೇಕಾದರೆ ಅಂದಿನ ಸಂಸ್ಥಾನದ ಸ್ಥಿತಿಯನ್ನು ನೆನೆಯಬೇಕು. ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿದ್ದ ಹೈದರಾಬಾದ್ 16 ಜಿಲ್ಲೆಗಳ ದೊಡ್ಡ ಸಂಸ್ಥಾನ: ತೆಲಂಗಾಣದ 8, ಮರಾಠವಾಡೆಯ 5, ಕನ್ನಡ ಸೀಮೆಯ 3. ಪ್ರಜೆಗಳ ಮಾತು ತೆಲುಗು, ಮರಾಠಿ, ಕನ್ನಡ. ಕಚೇರಿಯ ಮಾತು ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಪರಕೀಯವಾದ ಇಂಗ್ಲಿಷನ್ನು ಬದಿಗಿಟ್ಟು ದೇಶಭಾಷೆಯಲ್ಲಿ ಉನ್ನತ ವಿದ್ಯೆ ಕಲಿಸಿದ ಆ ಪ್ರಯೋಗವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹಳ್ಳಿಯ ಕೂಸಿಗೆ ಅದೂ ಮನೆಯ ಮಾತಾಗಿರಲಿಲ್ಲ. ಖಾಸಗಿ ಶಾಲೆ ತೆರೆಯಲು ಅಪ್ಪಣೆ ಬೇಕು. ಸಭೆ ಕೂಡಿಸಲು ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಮುಂಗಡ ಅನುಮತಿ ಬೇಕು. ಹೀಗಾಗಿ ರಾಜಕೀಯ ಸಭೆ ನಡೆಯದ ನಾಡಿನಲ್ಲಿ ಶಾಲೆ, ವಾಚನಾಲಯ, ಗಣೇಶೋತ್ಸವಗಳೇ ಸಾರ್ವಜನಿಕ ಜೀವನದ ನೆಲೆಗಳಾದವು. ಗುಲಬರ್ಗಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮದರ್ದ್ ಶಾಲೆ, ನಮ್ಮ ಹಿಪ್ಪರಗಾ ಇವು ಒಂದೇ ಹೊಲದ ಬೆಳೆಗಳು. ಆ ವರ್ಷಗಳಲ್ಲಿ ನಮ್ಮ ಹಿರಿಯರು ಒಂದು ಕನ್ನಡ ಶಾಲೆ ನಡೆಸುವುದಕ್ಕೆ ಏನೇನು ಪಾಡು ಪಟ್ಟಿರಬೇಕೆಂಬುದಕ್ಕೂ ಇದೇ ಹಿನ್ನೆಲೆ.

ಹಿಪ್ಪರಗಾದಲ್ಲಿ ಖೇಡಗೀಕರರು ಮುಖ್ಯಾಧ್ಯಾಪಕರಾದರು. ಅಲ್ಪ ವೇತನ, ಮಕ್ಕಳೊಡನೆಯೇ ವಾಸ, ಪಾಠದ ಜೊತೆಗೆ ನೂಲುವುದು ಮತ್ತು ಮೈದುಡಿಮೆ, ಸುತ್ತಲಿನ ಹಳ್ಳಿಗಳೊಡನೆ ನಿಕಟ ಬಳಕೆ. ಬಾಬಾಸಾಹೇಬ ಪರಾಂಜಪೆಯವರಂಥ ಸಹೋದ್ಯೋಗಿಗಳು ದೊರೆತದ್ದೂ ಇಲ್ಲಿಯೇ. ಈ ಒಡನಾಟ ಮುಂದೆ ಹೋರಾಟದ ವರ್ಷಗಳಲ್ಲಿಯೂ ಮುಂದುವರಿಯಿತು. ಇಲ್ಲಿದ್ದಾಗಲೇ, 1930ರ ದಶಕದ ಆರಂಭದಲ್ಲಿ, ಅವರು ಸನ್ಯಾಸ ಸ್ವೀಕರಿಸಿ ರಮಾನಂದ ತೀರ್ಥರಾದರು. ಮಠ ಕಟ್ಟಲಿಲ್ಲ, ಪೀಠ ಏರಲಿಲ್ಲ, ಶಿಷ್ಯರಿಗೆ ದೀಕ್ಷೆ ಕೊಡುತ್ತ ಕೂಡಲಿಲ್ಲ. ದೀಕ್ಷೆಯ ಬಳಿಕವೂ ಎಂದಿನಂತೆ ತರಗತಿಗೆ ಹೋದರು. 1935ರಲ್ಲಿ ಅವರು ಅಂದು ಮೋಮಿನಾಬಾದ್ ಎನಿಸಿದ್ದ ಅಂಬಾಜೋಗಾಯಿಗೆ ತೆರಳಿ ಯೋಗೇಶ್ವರಿ ವಿದ್ಯಾಲಯವನ್ನು ಬೆಳೆಸಿದರು. ಮೂರು ವರ್ಷಗಳ ಬಳಿಕ ಶಾಲೆಯನ್ನು ಬಿಟ್ಟು ಹೈದರಾಬಾದಿಗೆ ಹೊರಟರು. ಬರಿಯ ಪಾಠದಿಂದ ಆಗದ ಕೆಲಸವೊಂದಿದೆ ಎಂದು ಆ ಹೊತ್ತಿಗೆ ಅವರಿಗೆ ಮನವರಿಕೆಯಾಗಿತ್ತು.

ಸಂಸ್ಥಾನದಲ್ಲಿ ಆಗ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂದು ಭಾಷೆಗೊಂದು ವೇದಿಕೆ ಇತ್ತು. ಸ್ವಾಮೀಜಿ ಮಹಾರಾಷ್ಟ್ರ ಪರಿಷತ್ತಿನ ಕಾರ್ಯದರ್ಶಿಯಾದರು. ಮೂರೂ ಸೀಮೆಗಳ ಜನರನ್ನು ಕೂಡಿಸಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟುವುದೆಂದು ನಿಶ್ಚಯವಾಯಿತು. ಸಂಸ್ಥೆ ಹುಟ್ಟುವ ಮೊದಲೇ, 1938ರ ಸೆಪ್ಟೆಂಬರ್‌ನಲ್ಲಿ, ಸರ್ ಅಕ್ಬರ್ ಹೈದರಿಯವರ ಸರಕಾರ ಅದನ್ನು ನಿಷೇಧಿಸಿತು. ಹುಟ್ಟದ ಕೂಸಿಗೆ ಸೂತಕ! ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ತಂಡತಂಡವಾಗಿ ಜನ ಬಂಧನಕ್ಕೊಳಗಾದರು, ಸ್ವಾಮೀಜಿಯೂ ಜೈಲು ಸೇರಿದರು.

ಇಲ್ಲಿ ಅವರ ಜೀವನದ ಮೊದಲ ಕಠಿಣ ಪರೀಕ್ಷೆ ಎದುರಾಯಿತು. ಅದೇ ತಿಂಗಳುಗಳಲ್ಲಿ ಆರ್ಯಸಮಾಜ ಮತ್ತು ಹಿಂದೂ ಮಹಾಸಭೆಗಳೂ ಸಂಸ್ಥಾನದಲ್ಲಿ ಸತ್ಯಾಗ್ರಹ ನಡೆಸುತ್ತಿದ್ದವು. ಉದಗೀರದ ಆರ್ಯಸಮಾಜ ಮುಖಂಡ ಶ್ಯಾಮಲಾಲರು ಆ ಡಿಸೆಂಬರ್‌ನಲ್ಲಿ ಬೀದರಿನ ಜೈಲಿನಲ್ಲಿಯೇ ಪ್ರಾಣಬಿಟ್ಟರು. ನಮ್ಮ ಸೀಮೆ ಆ ಹೆಸರನ್ನು ಮರೆತಿಲ್ಲ. ಆದರೆ ಜವಾಬ್ದಾರಿ ಸರಕಾರ ಬೇಕೆನ್ನುವ ಹೋರಾಟಕ್ಕೂ ಒಂದು ಧರ್ಮದ ಹಕ್ಕುಗಳಿಗಾಗಿ ನಡೆಯುವ ಹೋರಾಟಕ್ಕೂ ಭೇದವೇ ಕಾಣದಂತಾಗುತ್ತಿದೆ ಎಂದು ಗಾಂಧೀಜಿ ಕಳವಳಗೊಂಡರು. ಅವರ ಸಲಹೆಯಂತೆ ಡಿಸೆಂಬರ್ 24ರಂದು, ಸರಿಯಾಗಿ ಎರಡು ತಿಂಗಳಿಗೆ, ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹವನ್ನು ನಿಲ್ಲಿಸಿತು. ನೂರಾರು ಜನ ಒಳಗಿರುವಾಗ ಹೋರಾಟ ನಿಲ್ಲಿಸುವುದೆಂದರೆ ನಾಯಕರಿಗೆ ನುಂಗಲಾರದ ತುತ್ತು. ಆದರೂ ಆಳುವ ಪದ್ಧತಿಯನ್ನು ಎದುರಿಸುವುದು ಬೇರೆ, ನೆರೆಮನೆಯ ಮುಸಲ್ಮಾನನನ್ನು ಎದುರು ಹಾಕಿಕೊಳ್ಳುವುದು ಬೇರೆ ಎಂಬ ಗೆರೆಯನ್ನು ಸ್ವಾಮೀಜಿ ಕಾವಿಯುಟ್ಟೇ ಕಾಯ್ದರು. ಅವರ ಬಗ್ಗೆ ನಮಗಿರುವ ಗೌರವದಲ್ಲಿ ಬಹುಪಾಲು ಈ ಗೆರೆಗೇ ಸಲ್ಲುತ್ತದೆ.

ನಡುವಿನ ವರ್ಷಗಳನ್ನು ಬೇಗ ದಾಟಬಹುದು. ಸಂಸ್ಥೆಯ ಹೆಸರು ಬದಲಿಸಿಕೊಳ್ಳುವ ಮಾತುಕತೆಯೂ ನಡೆದು ವಿಫಲವಾಯಿತು. 1940ರಲ್ಲಿ ಗಾಂಧೀಜಿಯವರ ಒಪ್ಪಿಗೆಯಿಂದ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಜೈಲು. 1942ರಲ್ಲಿ ಮುಂಬಯಿಯ ಕ್ವಿಟ್ ಇಂಡಿಯಾ ಅಧಿವೇಶನದಿಂದ ಮರಳುತ್ತಲೇ ಮತ್ತೆ ಜೈಲು. 1946ರ ಜುಲೈಯಲ್ಲಿ ನಿಷೇಧ ತೆರವಾದಾಗ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆಯಾಯಿತು. ಸೌಮ್ಯವಾದಿಗಳ ಗುಂಪಿನ ಬೂರ್ಗುಲ ರಾಮಕೃಷ್ಣರಾಯರನ್ನು ಸ್ವಾಮೀಜಿ ಬಹಳ ಕಡಿಮೆ ಮತಗಳಿಂದ ಸೋಲಿಸಿದರು. ಗೋವಿಂದಭಾಯಿ ಶ್ರಾಫರಂಥ ಎಡಪಂಥದ ಒಲವಿನ ತರುಣರು ಅವರ ಸುತ್ತ ಇದ್ದುದರಿಂದ ಸ್ವಾಮೀಜಿ ಕಮ್ಯುನಿಸ್ಟರ ಕೈಗೊಂಬೆಯೆಂದು ಒಂದು ಕಡೆಯವರೂ, ಸನ್ಯಾಸಿಗೆ ರಾಜಕಾರಣವೇಕೆ ಎಂದು ಇನ್ನೊಂದು ಕಡೆಯವರೂ ಆಡಿಕೊಂಡರು.

1947ರ ಜೂನ್‌ನಲ್ಲಿ ನಿಜಾಮರು ತಾವು ಯಾವ ಒಕ್ಕೂಟಕ್ಕೂ ಸೇರದೆ ಸ್ವತಂತ್ರರಾಗಿರುವುದಾಗಿ ಫರ್ಮಾನು ಹೊರಡಿಸಿದರು. ಕೆಲವೇ ದಿನಗಳಲ್ಲಿ ಹೈದರಾಬಾದಿನ ಮುಷೀರಾಬಾದ್ ಮೈದಾನದಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೊದಲ ಬಹಿರಂಗ ಅಧಿವೇಶನ ಕೂಡಿತು. ಸಂಸ್ಥಾನ ಭಾರತಕ್ಕೆ ಸೇರಬೇಕು, ಅಧಿಕಾರ ಪ್ರಜೆಗಳಿಗೆ ಬರಬೇಕು ಎಂದು ಅಧ್ಯಕ್ಷ ಪೀಠದಿಂದ ಸ್ವಾಮೀಜಿ ಸಾರಿದರು. ಆಗಸ್ಟ್ 7ರಂದು ಭಾರತ ಸೇರುವ ಚಳವಳಿ ಆರಂಭ. ದೇಶವೆಲ್ಲ ಸ್ವಾತಂತ್ರ್ಯದ ಸಿಹಿ ಹಂಚುತ್ತಿದ್ದ ಆಗಸ್ಟ್ 15ರಂದು ಅವರು ಬಂಧಿತರಾದರು.

ರಜಾಕಾರ ಎಂದರೆ ಸ್ವಯಂಸೇವಕ ಎಂದಷ್ಟೇ ಅರ್ಥ. ಮಜ್ಲಿಸ್ ಇತ್ತಿಹಾದುಲ್ ಮುಸಲ್ಮೀನ್ ಪಕ್ಷದ ಈ ಪಡೆಯನ್ನು ಊರೂರಿಗೆ ಹಬ್ಬಿಸಿದ ಕಾಸಿಂ ರಜ್ವಿ ನಮ್ಮ ಲಾತೂರಿನಲ್ಲಿಯೇ ವಕೀಲಿ ಮಾಡುತ್ತಿದ್ದವರು. ಸಮವಸ್ತ್ರ, ಕವಾಯತು, ನಾಯಕನಿಗೆ ನಿಷ್ಠೆಯ ಶಪಥ, ಭಿನ್ನಮತಕ್ಕೆ ದೊಣ್ಣೆ. ಸುಮಾರು ಕಾಲು ಶತಮಾನದ ಹಿಂದೆ ಇಟಲಿಯಲ್ಲಿ ಕಪ್ಪಂಗಿಯವರು ಇದೇ ದಾರಿಯಲ್ಲಿ ಅಧಿಕಾರಕ್ಕೆ ಏರಿದ್ದರು. 1922ರ ಅಕ್ಟೋಬರ್‌ನಲ್ಲಿ ಮುಸೊಲಿನಿ ಪ್ರಧಾನಿಯಾದಾಗ ಪ್ಯಾರಿಸ್ಸಿನಲ್ಲಿ ಇಟಲಿಯ ರಾಯಭಾರಿಯಾಗಿದ್ದ ಕೌಂಟ್ ಕಾರ್ಲೊ ಸ್ಫೋರ್ಜಾ ಕೂಡಲೇ ಹುದ್ದೆಗೆ ರಾಜೀನಾಮೆ ಕೊಟ್ಟರು. ವಿದೇಶಾಂಗ ಸಚಿವರಾಗಿದ್ದ ಆ ಹಿರಿಯರು ಮುಂದೆ ಹಲವು ವರ್ಷ ದೇಶಭ್ರಷ್ಟರಾಗಿ ಅಲೆದು, 1943ರಲ್ಲಿ ಮರಳಿ, 1947ರಲ್ಲಿ ಮತ್ತೆ ವಿದೇಶಾಂಗ ಸಚಿವರೇ ಆದರು. ನಮ್ಮ ಸ್ವಾಮೀಜಿಗೆ ಬಿಡಲು ಹುದ್ದೆಯಿರಲಿಲ್ಲ, ಹೋಗಿ ಸೇರಲು ಪರದೇಶವೂ ಬೇಕಾಗಿರಲಿಲ್ಲ. ಗಡಿ ದಾಟಿದರೆ ಸೊಲ್ಲಾಪುರ ಸಿಗುತ್ತಿತ್ತು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಬೆನ್ನಿಗೇ ಬಿಡುಗಡೆಯಾದಾಗ ಅವರು ದಿಲ್ಲಿಗೂ ಹೋದರು, ನಾಯಕರನ್ನೂ ಕಂಡರು. ಹೊರಗೇ ಉಳಿಯಬಹುದಿತ್ತು. ಮರಳಿ ಸಂಸ್ಥಾನದೊಳಗೆ ಬಂದರು. 1948ರ ಜನವರಿಯಲ್ಲಿ ಮತ್ತೆ ಬಂಧನಕ್ಕೊಳಗಾಗಿ ಸಂಸ್ಥಾನದ ಕೊನೆಯ ದಿನದವರೆಗೆ ಜೈಲಿನಲ್ಲಿದ್ದರು.

ಆ ಎಂಟು ತಿಂಗಳು ನಮ್ಮ ಸೀಮೆ ಕಂಡ ಕತ್ತಲೆಯನ್ನು ಹಿರಿಯರ ಬಾಯಿಂದ ಕೇಳದ ಮನೆ ಇಲ್ಲಿ ವಿರಳ. ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ಮೇ ತಿಂಗಳಲ್ಲಿ ಹತ್ಯಾಕಾಂಡವೇ ನಡೆಯಿತು. ಜನ ಊರು ಬಿಟ್ಟು ಸೊಲ್ಲಾಪುರ, ಬಾರ್ಶಿಗಳ ಕಡೆಗೆ ಗುಳೆ ಹೋದರು. ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಎದ್ದವು. ಕನ್ನಡದ ಕಡೆ ಮುಂಡರಗಿ, ಗದಗ, ಹೊಸಪೇಟೆ, ಮರಾಠಿಯ ಕಡೆ ಬಾರ್ಶಿ, ಮನಮಾಡ. ದಿಗಂಬರರಾವ್ ಬಿಂದು ಅವರ ನೇತೃತ್ವದ ಕ್ರಿಯಾ ಸಮಿತಿ ಇವನ್ನು ನಡೆಸಿತು. ಶಿಬಿರಗಳ ತರುಣರು ಕರೋಡಗಿರಿ ನಾಕಾಗಳನ್ನು ಸುಟ್ಟರು, ಬಂದೂಕು ಹಿಡಿದರು. ನಾಂದೇಡ ಜಿಲ್ಲೆಯ ಉಮರಿಯಲ್ಲಿ ಬ್ಯಾಂಕಿನ ಹಣವನ್ನೂ ಹೊತ್ತೊಯ್ದರು. ಗಾಂಧಿಮಾರ್ಗದ ಸನ್ಯಾಸಿಯೊಬ್ಬರು ಅಧ್ಯಕ್ಷರಾಗಿದ್ದ ಸಂಸ್ಥೆಯ ಹೆಸರಿನಲ್ಲಿ ಇದು ನಡೆಯಿತೆಂಬುದು ಅವರ ಚರಿತ್ರೆಯಲ್ಲಿ ಬಿಡಿಸಲಾಗದ ಗಂಟು. ಅವರು ಅದನ್ನು ತಡೆಯಲಿಲ್ಲ. ಹಳ್ಳಿಗೆ ಹಳ್ಳಿಯೇ ಉರಿಯುವಾಗ ಆತ್ಮರಕ್ಷಣೆಗೆ ನಿಂತವರನ್ನು ಜೈಲಿನೊಳಗಿದ್ದು ಖಂಡಿಸುವ ಅಧಿಕಾರ ತಮಗಿಲ್ಲವೆಂದು ಭಾವಿಸಿದ್ದಿರಬಹುದು. ಇದು ನಮ್ಮ ಊಹೆ ಮಾತ್ರ. ರಜಾಕಾರರ ವಿರುದ್ಧ ದನಿಯೆತ್ತಿದವರೆಲ್ಲ ಹಿಂದೂಗಳೇ ಎಂದು ತಿಳಿಯುವವರಿಗಾಗಿ ಒಂದು ಹೆಸರನ್ನು ಇಲ್ಲಿ ಬರೆದಿಡುತ್ತೇವೆ: ಇಮ್ರೋಜ್ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಲ್ಲಲಾಯಿತು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತ ಸೇನೆಯ ಮುಖ್ಯ ದಂಡು ಸೊಲ್ಲಾಪುರದಿಂದ ಹೊರಟು ನಳದುರ್ಗದ ಸೇತುವೆಯನ್ನು ವಶಪಡಿಸಿಕೊಂಡು ಉಮರ್ಗಾದವರೆಗೆ ಬಂತು. ಮುಂದೆ ರಾಜೇಶ್ವರ, ಜಹೀರಾಬಾದುಗಳ ದಾರಿ ಹಿಡಿದು ಹೈದರಾಬಾದಿನತ್ತ ಸಾಗಿತು. ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು. ಸ್ವಾಮೀಜಿ ಹೊರಗೆ ಬಂದರು.

ಮುಗಿಯಿತು ಎಂದೆವು, ಎಲ್ಲರಿಗೂ ಮುಗಿಯಲಿಲ್ಲ. ಕಾರ್ಯಾಚರಣೆಯ ನಂತರದ ವಾರಗಳಲ್ಲಿ ಸೇಡು ಹೊರಳಿತು. ರಜಾಕಾರರಾಗಿದ್ದವರ ಜೊತೆಗೆ ಏನೂ ಅರಿಯದ ಮುಸಲ್ಮಾನ ಕುಟುಂಬಗಳು ಸಾವಿರಗಟ್ಟಲೆ ಬಲಿಯಾದವು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರರ ತಂಡ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು. ಉಮರ್ಗಾ ಅಂದು ಉಸ್ಮಾನಾಬಾದಿನಲ್ಲಿತ್ತು, ನಿಲಂಗಾ ಉದಗೀರಗಳು ಬೀದರಿನಲ್ಲಿದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸ್ವಾಮೀಜಿ ಹತ್ತು ವರ್ಷ ಕಾಯ್ದ ಗೆರೆಯನ್ನು ಅವರ ಗೆಲುವಿನ ದಿನಗಳಲ್ಲಿಯೇ ಜನ ದಾಟಿದರು. ಈ ಅಧ್ಯಾಯವನ್ನು ಬಿಟ್ಟು ಅವರ ಜೀವನಕಥೆ ಬರೆಯುವ ವಾಡಿಕೆ ಇದೆ. ಈ ಸಂಪುಟದ ಓದುಗರಲ್ಲಿ ಎರಡೂ ಬಗೆಯ ನೋವುಂಡ ಮನೆಗಳವರಿರುವುದರಿಂದ ನಾವು ಹಾಗೆ ಮಾಡಲಾರೆವು.

ಸ್ವಾತಂತ್ರ್ಯಾನಂತರ ಅವರು ಮಂತ್ರಿಯಾಗಲಿಲ್ಲ. ಮುಖ್ಯಮಂತ್ರಿ ಪದವಿ 1952ರಲ್ಲಿ ಹಳೆಯ ಪ್ರತಿಸ್ಪರ್ಧಿ ಬೂರ್ಗುಲರ ಪಾಲಿಗೆ ಬಂತು. ಪಕ್ಷದ ಒಳಜಗಳದಲ್ಲಿ ಸ್ವಾಮೀಜಿ ನೊಂದರು. ಗೆಳೆಯರು ಕೆಲವರು ದೂರ ಸರಿದರು. ಅವರ ಗರಡಿಯಲ್ಲಿ ಬೆಳೆದ ತೆಲಂಗಾಣದ ತರುಣ ಪಿ. ವಿ. ನರಸಿಂಹರಾವ್ ಮುಂದೆ ದೇಶದ ಪ್ರಧಾನಿಯಾದದ್ದು ಎಲ್ಲರಿಗೂ ತಿಳಿದದ್ದೇ. 1952ರ ಚುನಾವಣೆಯಲ್ಲಿ ಗುಲಬರ್ಗಾದ ಕನ್ನಡಿಗರು ಈ ಮರಾಠಿ ಮನೆಮಾತಿನ ಸನ್ಯಾಸಿಯನ್ನು ಲೋಕಸಭೆಗೆ ಕಳಿಸಿದರು. ಇಂದಿನ ಗಡಿಜಗಳಗಳ ಸುದ್ದಿ ಓದಿ ಬೆಳೆದ ನಮ್ಮ ಮಕ್ಕಳಿಗೆ ಇದು ಕಟ್ಟುಕಥೆಯಂತೆ ಕೇಳಿಸೀತು.

ಸಂಸತ್ತಿನೊಳಗೂ ಹೊರಗೂ ಅವರು ಹಿಡಿದ ಹಟ ಒಂದೇ: ಹೈದರಾಬಾದ್ ಸಂಸ್ಥಾನ ಇಡಿಯಾಗಿ ಉಳಿಯಬಾರದು, ಮೂರು ಭಾಷೆಗಳ ಜನ ತಂತಮ್ಮ ಭಾಷೆಯ ರಾಜ್ಯಗಳಿಗೆ ಸೇರಬೇಕು. ತಾವೇ ಬಿಡಿಸಿದ ನಾಡನ್ನು ತಾವೇ ಒಡೆಯಬೇಕೆಂದು ಕೇಳುವ ನಾಯಕ ಅಪರೂಪ. ನೆಹರೂ ಮೊದಮೊದಲು ಒಪ್ಪಲಿಲ್ಲ. ಉತ್ತರ ದಕ್ಷಿಣಗಳ ಸಂಸ್ಕೃತಿ ಕೂಡುವ ತಾಣ ಹೈದರಾಬಾದ್, ಅದನ್ನು ಕೆಡಿಸಬಾರದೆಂದು ಅವರ ವಾದ. ಹಿಪ್ಪರಗಾದ ಮಾಸ್ತರರಿಗೆ ಮಾತ್ರ ಮನೆಯ ಮಾತು ಬಾರದ ಕಚೇರಿ, ಮನೆಯ ಮಾತಿಲ್ಲದ ಶಾಲೆ ಇವುಗಳ ನೆನಪು ಬಲವಾಗಿತ್ತು. ಪ್ರಜೆ ತನ್ನ ಮಾತಿನಲ್ಲಿ ಅರ್ಜಿ ಬರೆಯಲಾಗದ ರಾಜ್ಯದಲ್ಲಿ ಪ್ರಜಾಪ್ರಭುತ್ವ ನೆಲೆಯೂರದೆಂದು ಅವರು ನಂಬಿದ್ದರು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಭಾಗವಾಯಿತು. ಗುಲಬರ್ಗಾ, ರಾಯಚೂರು, ಬೀದರಗಳು ಮೈಸೂರು ರಾಜ್ಯಕ್ಕೆ ಬಂದವು. ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳನ್ನು ಕಳಚಿ ಉಸ್ಮಾನಾಬಾದಿಗೆ ಜೋಡಿಸಿ, ಮರಾಠವಾಡೆಯೊಡನೆ ಮುಂಬಯಿ ರಾಜ್ಯಕ್ಕೆ ಕೊಟ್ಟರು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಜಿಲ್ಲೆ ಬೇರೆಯಾದಾಗ ನಿಲಂಗಾ ಉದಗೀರಗಳು ಅಲ್ಲಿಗೆ ಹೋದವು, ಉಮರ್ಗಾ ಹಿಂದಿನಲ್ಲಿಯೇ ಉಳಿಯಿತು.

ಗೆರೆ ಎಳೆಯುವ ಕೈ ಎಷ್ಟು ನ್ಯಾಯದ್ದಾದರೂ ಭಾಷೆ ತಾಲ್ಲೂಕಿನ ಎಲ್ಲೆಗೆ ಸರಿಯಾಗಿ ನಿಲ್ಲುವುದಿಲ್ಲ. ಬೀದರಿನ ಕಡೆ ಮರಾಠಿ ಮನೆಗಳು ಉಳಿದವು, ಈಚೆ ಕನ್ನಡದ ಮನೆಗಳು ಉಳಿದವು, ಬೀಗತನ ಎರಡೂ ಕಡೆ ನಡೆದೇ ಇತ್ತು. ಸ್ವಾಮೀಜಿಯ ತತ್ತ್ವ ಲಕ್ಷಾಂತರ ಮಕ್ಕಳಿಗೆ ಮನೆಮಾತಿನ ಶಾಲೆಯನ್ನು ಕೊಟ್ಟಿತು. ಅದೇ ತತ್ತ್ವದ ಅಂಚಿನಲ್ಲಿ ಸಿಕ್ಕಿದ ನಮ್ಮ ಶಾಲೆ ಪ್ರತಿವರ್ಷ ಪಠ್ಯಪುಸ್ತಕಕ್ಕೂ ಶಿಕ್ಷಕರಿಗೂ ಕಾಯುವಂತಾಯಿತು. ಅವರನ್ನು ಗೌರವಿಸುತ್ತಲೇ ಈ ಲೆಕ್ಕವನ್ನೂ ಬರೆದಿಡುವುದು ನ್ಯಾಯ. ಅವರು ಬದುಕಿದ್ದು ಇಲ್ಲಿಗೆ ಬಂದಿದ್ದರೆ ನಮ್ಮ ಪಕ್ಷವನ್ನೇ ವಹಿಸುತ್ತಿದ್ದರೆಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಉರ್ದು ಸರಕಾರದ ಎದುರು ಮರಾಠಿ ಶಾಲೆ ನಡೆಸಿದವರು ಮರಾಠಿ ಸರಕಾರದ ಎದುರು ಕನ್ನಡ ಶಾಲೆಯ ಅರ್ಜಿಗೆ ಸಹಿ ಹಾಕದೆ ಇರುತ್ತಿದ್ದರೆ?

1957ರಲ್ಲಿ ಔರಂಗಾಬಾದಿನಿಂದ ಇನ್ನೊಮ್ಮೆ ಲೋಕಸಭೆಗೆ ಆರಿಸಿಬಂದ ಅವರು ಆ ಅವಧಿಯ ಬಳಿಕ ಚುನಾವಣೆಯ ರಾಜಕಾರಣದಿಂದ ಹಿಂದೆ ಸರಿದರು. ವಿನೋಬಾರ ಭೂದಾನ, ಖಾದಿ, ಶಿಕ್ಷಣ ಸಂಸ್ಥೆಗಳು, ಹಳೆಯ ಕಾರ್ಯಕರ್ತರ ಕಷ್ಟಸುಖ ಇವೇ ಅವರ ಉಳಿದ ದಿನಗಳನ್ನು ತುಂಬಿದವು. ಹೈದರಾಬಾದ್ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1967ರಲ್ಲಿ ಪ್ರಕಟಿಸಿದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ನಿಧನರಾದರು. ಬೇಗಂಪೇಟೆಯಲ್ಲಿ ಅವರ ಸಮಾಧಿ ಇದೆ. ಅವರು ಪಾಠ ಹೇಳಿದ ಅಂಬಾಜೋಗಾಯಿಯ ವೈದ್ಯಕೀಯ ಕಾಲೇಜು ಅವರ ಹೆಸರನ್ನು ಹೊತ್ತಿದೆ.

1994ರಲ್ಲಿ, ಅದೇ ಸೆಪ್ಟೆಂಬರ್ 17ರಂದು, ನಾಂದೇಡದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಲಾತೂರು ಜಿಲ್ಲೆಯ ಕಾಲೇಜುಗಳೆಲ್ಲ ಅದರ ವ್ಯಾಪ್ತಿಯಲ್ಲಿರುವುದರಿಂದ ನಿಲಂಗಾ, ಉದಗೀರಗಳಲ್ಲಿ ಪದವಿ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳ ಪ್ರಮಾಣಪತ್ರದ ನೆತ್ತಿಯ ಮೇಲೆ ಸಿಂದಗಿಯ ಈ ಮಾಸ್ತರರ ಹೆಸರು ಅಚ್ಚಾಗಿರುತ್ತದೆ. ಉಮರ್ಗಾದಲ್ಲಿ ಓದಿದವರ ಪತ್ರದಲ್ಲಿ ಅದಿಲ್ಲ. ಆ ಕಡೆಯ ಕಾಲೇಜುಗಳು ಔರಂಗಾಬಾದ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಅವರ ಶಾಲೆಯಿದ್ದ ಹಿಪ್ಪರಗಾ ಉಮರ್ಗಾದ ಮಗ್ಗುಲಿಗೇ ಇದೆ.